ಇಂಟರ್‌ಕೂಲರಿಗೆ ಕುಂಟೆಯ ಕುಡ

ನಮ್ಮ ಮನೆಗೆ ಆ ಗಾಡಿ ಬಂದದ್ದು ಗಜೇಂದ್ರಗಡದಿಂದ. ಅಲ್ಲಿನ ಸೀರೆ ವ್ಯಾಪಾರಿಯೊಬ್ಬರು ಕೆಲವು ವರ್ಷ ಓಡಿಸಿ, ಸಾಕಾಗಿ ಕೊಟ್ಟ ಟರ್ಬೊ ಡೀಸೆಲ್ ಗಾಡಿ. ಎರಡು ಸಾವಿರದ ಇಸವಿ ಕಳೆದು ಆರೇಳು ವರ್ಷಗಳಾಗಿದ್ದವು. ರೋಣದ ನಮ್ಮ ಓಣಿಯಲ್ಲಿ ಮೋಟರ್ ಸೈಕಲ್ಲು, ಟ್ರ್ಯಾಕ್ಟರು ಬಿಟ್ಟರೆ ಬೇರೆ ವಾಹನ ನಿಲ್ಲುತ್ತಿರಲಿಲ್ಲ. ಗಾಡಿಯ ಹಿಂದಿನ ಸೀಟು ಮಡಚಿದರೆ ಸಂದಿಯಲ್ಲಿ ಇನ್ನೂ ರೇಷ್ಮೆಯ ಎಳೆಗಳು ಸಿಗುತ್ತಿದ್ದವು, ಕೆಂಪು, ಗಿಳಿಹಸಿರು. ನಾನು ಅವನ್ನು ಹೆಕ್ಕಿ ಹೊಲಿಗೆಯ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ನಮ್ಮ ಮನೆಯವರ ಕಣ್ಣಿಗೆ ಮಾತ್ರ ಬೀಳುತ್ತಿದ್ದುದು ಬಾನೆಟ್ಟಿನ ಕೆಳಗಿನ ಟರ್ಬೊ ಒಂದೇ. ಬಜಾರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಅವರು, ಯೂರಿಯಾ ಚೀಲ ಎತ್ತಿಸುವಾಗಲೂ ಗಿರಾಕಿಗಳಿಗೆ ಅದರ ಗುಣಗಾನ ಮಾಡುತ್ತಿದ್ದರು.

ನನಗೂ ಪಾಠವಾಗಿತ್ತು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳೆಂದು ನನಗೆ ಎಲ್ಲವೂ ಬೇಗ ತಿಳಿಯುತ್ತದೆ ಎಂಬ ನಂಬಿಕೆ ಅವರಿಗೆ ಆಗಲೂ ಇತ್ತು, ಈಗಲೂ ಇದೆ.

"ಟರ್ಬೊ ಅಂದ್ರ ಊದುಗೊಳವಿ ಇದ್ದಂಗ. ನೀ ಒಲಿ ಊದಿದ್ರ ಬೆಂಕಿ ಜೋರ ಹತ್ತತೈತಿಲ್ಲ? ಹಂಗ ಇದು ಇಂಜಿನ್ನಿಗೆ ಗಾಳಿ ಊದತೈತಿ."

"ಮತ್ತ ಈ ಇಂಟರ್‌ಕೂಲರ್ ಅಂದ್ರ ಏನ್ರಿ?"

"ಊದಿದ ಗಾಳಿ ಭಾಳ ಬಿಸಿ ಇರತೈತಿ. ಅದನ್ನ ಆರಿಸಿ ಒಳಗ ಕಳಸೂ ಡಬ್ಬಿ. ನೀ ಹಾಲ ಆರಿಸಿ ಕೊಡೂದಿಲ್ಲ?"

ನನಗೆ ತಿಳಿಯುವ ಭಾಷೆಯಲ್ಲೇ ಹೇಳುತ್ತಿದ್ದರು. ಆ ಡಬ್ಬಿಯನ್ನು ಬಗ್ಗಿ ನೋಡಿದೆ. ಹಾರ್ಮೋನಿಯಂ ಮಡಿಕೆಗಳಂಥ ಅಲ್ಯುಮಿನಿಯಂ ರೆಕ್ಕೆಗಳ ಚಪ್ಪಟೆ ಪೆಟ್ಟಿಗೆ. ಅದರ ಎರಡೂ ತುದಿಗೆ ಕಪ್ಪು ಪ್ಲಾಸ್ಟಿಕ್ಕಿನ ಟೋಪಿ. ಪೆಟ್ಟಿಗೆಯ ಅಂಚಿನಲ್ಲಿ ಸಣ್ಣ ಸಣ್ಣ ಲೋಹದ ಹಲ್ಲುಗಳಿದ್ದು, ಅವು ಟೋಪಿಯನ್ನು ಕಚ್ಚಿ ಹಿಡಿದಿರುತ್ತವೆ. ನಮ್ಮ ಗಾಡಿಯ ಆ ಹಲ್ಲುಗಳು ಸಡಿಲಾಗಿದ್ದವು. ಸಪಾಟು ರಸ್ತೆಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಏರು ಬಂದು ಇವರು ಎಕ್ಸಲರೇಟರ್ ಜೋರಾಗಿ ಒತ್ತಿದರೆ ಸಾಕು, ಒಳಗಿಂದ ಸುಂಯ್ ಎಂದು ಗಾಳಿ ಸೋರುತ್ತಿತ್ತು, ಹಿಂದೆ ಕರಿ ಹೊಗೆ ಬರುತ್ತಿತ್ತು, ಗಾಡಿ ಮುಂದೆ ಹೋಗಲು ಒಲ್ಲೆ ಎನ್ನುತ್ತಿತ್ತು.

ಹಾಗೆ ಒಲ್ಲೆ ಎಂದ ದಿನಗಳಲ್ಲಿ ಒಂದು ದಿನ ನಮ್ಮ ಅತ್ತೆ ಒಳಗಿದ್ದರು. ಅಬ್ಬಿಗೇರಿಯಲ್ಲಿ ಅವರ ಅಣ್ಣನ ಮೊಮ್ಮಗಳ ಮದುವೆ. ಅತ್ತೆ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು, ಮುತ್ತಿನ ನತ್ತು ಇಟ್ಟು ಹೊರಟಿದ್ದರು. ಕೊನೆಗೆ ಅವರು ಮದುವೆ ಮನೆ ಮುಟ್ಟಿದ್ದು ಕಡಲೆ ಹೊಟ್ಟು ತುಂಬಿದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ. ಅಕ್ಷತೆ ಹಾಕುವಾಗಲೂ ಅವರ ಸೆರಗಿನಿಂದ ಹೊಟ್ಟು ಉದುರುತ್ತಿತ್ತಂತೆ. ಆ ದಿನದಿಂದ ಗಾಡಿಯ ಹೆಸರೆತ್ತಿದರೆ ಅವರು ಮುಖ ಆಚೆ ತಿರುಗಿಸುತ್ತಿದ್ದರು.

ಇದೇ ಹೊತ್ತಿನಲ್ಲಿ ನನ್ನ ನಾದಿನಿಯ ಬಾಣಂತನ ನಮ್ಮ ಮನೆಯಲ್ಲಿ ನಡೆದಿತ್ತು. ಅವಳನ್ನು ಕೊಟ್ಟದ್ದು ನರಗುಂದಕ್ಕೆ. ಐದು ತಿಂಗಳು ತುಂಬಿದ ಮೇಲೆ ತವರಿನವರು ತೊಟ್ಟಿಲು ಕೊಟ್ಟು, ಮಗಳು ಮೊಮ್ಮಗುವನ್ನು ಗಂಡನ ಮನೆಗೆ ಮುಟ್ಟಿಸುವುದು ನಮ್ಮಲ್ಲಿ ರೂಢಿ. ಕೂಸಿನ ಹೆಸರಿಡುವ ದಿನ ಬೀಗರೆಲ್ಲ ಕುಳಿತಿದ್ದಾಗ ನಮ್ಮ ಮನೆಯವರು ಎದೆಯುಬ್ಬಿಸಿ, "ನಮ್ಮ ತಂಗೀನ್ನ ನಮ್ಮ ಗಾಡ್ಯಾಗ ತಂದ ಬಿಡ್ತೀವ್ರಿ, ತೊಟ್ಟಿಲಾ ಮ್ಯಾಲ ಕಟ್ಕೊಂಡ" ಎಂದುಬಿಟ್ಟಿದ್ದರು. ನಾದಿನಿಯೂ ಅಷ್ಟೇ ಹಟದವಳು: "ಅಣ್ಣನ ಗಾಡಿ ಬಿಟ್ಟು ಬ್ಯಾರೆ ಗಾಡಿ ನಾ ಹತ್ತಂಗಿಲ್ಲ."

ಬೀಗರು ಹೋದ ಮೇಲೆ ಅತ್ತೆ ಎಲೆ ಅಡಿಕೆಯ ಚಂಚಿ ಮಡಚುತ್ತ ಮಗನಿಗೆ ಹೇಳಿದರು: "ತೊಟ್ಟಿಲಾ ಕಟ್ಟಿದ ಗಾಡಿ ಹಾದ್ಯಾಗ ನಿಂದ್ರಬಾರದು. ಚಕ್ಕಡಿ ಕಾಲದಾಗೂ ಎತ್ತಿಗೆ ಮೊದಲ ನೀರ ಕುಡಿಸಿ ಹೊಂಡತಿದ್ವಿ. ನಿಂತ್ರ ಕೂಸು ಯಾವದನ್ನೂ ಪೂರಾ ಮಾಡಂಗಿಲ್ಲ, ಅರ್ಧಕ್ಕ ಬಿಡತೈತಿ. ಕೇಳಿಲ್ಲಿ. ನಿನ್ನ ಗಾಡಿ ನಡುವ ಕೆಟ್ಟು ನಿಂತ್ರ, ಮರುದಿನಾನ ಅದನ್ನ ಗಜೇಂದ್ರಗಡದಾವ್ರಿಗೆ ತಿರುಗಿ ಕೊಡಬೇಕು. ನಾನ ಫೋನ್ ಹಚ್ಚಿ ಹೇಳಾಕಿ."

ಸೀರೆ ವ್ಯಾಪಾರಿ ಆಗಲೇ ಒಂದೆರಡು ಸಲ ವಾಪಸು ಕೇಳಿದ್ದರು, ಹತ್ತಿರದ ಊರುಗಳಿಗೆ ಸೀರೆಯ ಗಂಟು ಒಯ್ಯಲು ಅವರಿಗೆ ಅದು ಸಾಕಿತ್ತು. ನಮ್ಮ ಮನೆಯವರು ಆ ರಾತ್ರಿ ಊಟಕ್ಕೆ ಕುಳಿತು ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಗುಡ್ಡೆ ಹಾಕಿದರು. ಹೊಸ ಇಂಟರ್‌ಕೂಲರ್ ಹುಬ್ಬಳ್ಳಿಯಲ್ಲಿ ಕೇಳಿದರೆ, ಹಳೆಯ ಮಾಡೆಲ್ಲಿನದು, ತರಿಸಬೇಕು, ಎಂದು ಬರುವುದೋ ಗೊತ್ತಿಲ್ಲ ಎಂದರಂತೆ. ತೊಟ್ಟಿಲ ಮುಹೂರ್ತ ಅಷ್ಟು ಕಾಯುವುದಿಲ್ಲ. "ನಾವ ಗಟ್ಟಿ ಮಾಡೂದು" ಎಂದು ಕೈ ತೊಳೆದರು.

ನಾವು ಎಂದರೆ ಅವರು ಮತ್ತು ಚಾಚಾ. ನಮ್ಮ ಓಣಿ ಮುಗಿಯುವಲ್ಲಿ ಚಾಚಾನ ವೆಲ್ಡಿಂಗ್ ಅಂಗಡಿ ಇತ್ತು. ಗ್ರಿಲ್ಲು, ಗೇಟು, ಟ್ರೇಲರಿನ ಮುರಿದ ಕೊಂಡಿ ಬೆಸೆಯುವುದು ಈಗಿನ ಕೆಲಸ. ಮೊದಲು ಅವರ ಮನೆತನದ್ದು ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಕೂಡಿಸುವ ಕಸುಬು. ಬೆಳವಣಕಿ, ಇಟಗಿ ಕಡೆಯ ಗಾಲಿಗಳೆಲ್ಲ ಅವರ ಅಂಗಳಕ್ಕೆ ಬರುತ್ತಿದ್ದವಂತೆ. ನಮ್ಮ ಮನೆಯವರಿಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ಇಬ್ಬರೂ ಜಗಳಾಡುವುದು ನೋಡಿದರೆ ಒಂದೇ ತರಗತಿಯ ಹುಡುಗರು ಅನ್ನಿಸುತ್ತಿತ್ತು.

ಮೊದಲ ಪ್ರಯತ್ನ ಸುಲಭದ್ದು. ಟೋಪಿಯ ಸುತ್ತ ಅಂಟು ಮೆತ್ತಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದೆಳೆದು ಸುತ್ತಿದರು. ಬಾಣಂತಿಗೆ ಕೊಡುವ ಸೀರೆ ತರಲು ಗಜೇಂದ್ರಗಡಕ್ಕೆ ಹೋಗುವುದಿತ್ತು, ಏರಿನ ಪರೀಕ್ಷೆಯೂ ಆಗಲೆಂದು ಚಾಚಾನೂ ಬಂದರು. ಗುಡ್ಡದ ಏರು ಅರ್ಧ ಹತ್ತಿದ್ದೆವು, ಬಾನೆಟ್ಟಿನೊಳಗೆ ಪಟಾಕಿ ಹಾರಿದಂತೆ ಸಪ್ಪಳವಾಯಿತು. ಮುಂದಿನದು ಗೊತ್ತಿದ್ದದ್ದೇ: ಸುಂಯ್, ಹೊಗೆ. ಆಮೆಯಂತೆ ಹತ್ತಿ ಸೀರೆ ಅಂಗಡಿ ಮುಟ್ಟಿದೆವು. ವ್ಯಾಪಾರಿ ಗಾದಿಯ ಮೇಲೆ ಕುಳಿತೇ ಕೈ ಮುಗಿದು, "ಬರ್ರಿ ಬರ್ರಿ. ಏರಿನ್ಯಾಗ ನಮ್ಮ ಗಾಡಿ ಸಪ್ಪಳಾ ಕೇಳಿ, ನೀವ ಬಂದ್ರಿ ಅಂತ ಚಹಾಕ್ಕ ಹೇಳೀನಿ" ಎಂದರು. ನಮ್ಮ ಗಾಡಿ ಎಂದ ಮಾತು ಇವರಿಗೆ ಚುಚ್ಚಿತು. ನಾನು ಕೆಂಪಂಚಿನ ಹಸಿರು ಸೀರೆ ಆರಿಸುವಷ್ಟು ಹೊತ್ತೂ ಇವರು ಬಾಗಿಲಲ್ಲಿ ನಿಂತು ಗಾಡಿಯನ್ನೇ ನೋಡುತ್ತಿದ್ದರು.

ಎರಡನೆಯ ಪ್ರಯತ್ನ ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಚಕ್ಕಡಿಯ ಹಳಿಯನ್ನು ಗಾಲಿಗಿಂತ ತುಸು ಸಣ್ಣದಾಗಿ ಮಾಡುತ್ತಾರೆ. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ಗಾಲಿಗೆ ಕೂಡಿಸಿ ನೀರು ಹೊಯ್ದರೆ ಕುಗ್ಗಿ ಕಟ್ಟಿಗೆಯನ್ನು ಬಿಗಿದುಕೊಳ್ಳುತ್ತದೆ, ಆಮೇಲೆ ದೇವರು ಬಂದರೂ ಬಿಡಿಸಲಾಗದು. ಚಾಚಾನಿಗೆ ಹೊಳೆದದ್ದು ಇದೇ. "ಗಾಲಿಗೆ ಹಿಡಿಯೂ ಹಳಿ ಇದಕ್ಕ ಹಿಡಿಯೂದಿಲ್ಲೇನು? ನಮ್ಮಪ್ಪ ಮಾಡಿದ ಹಳಿ ಇನ್ನೂ ಹೊಲದಾಗ ತಿರಗಾಕತ್ತಾವ!" ನಮ್ಮ ಮನೆಯವರು ಕುಣಿದಾಡಿದ್ದೊಂದು ಬಾಕಿ. ಇಂಟರ್‌ಕೂಲರನ್ನು ಬಿಚ್ಚಿ ಅಂಗಳದಲ್ಲಿ ಇಟ್ಟಿಗೆಯ ಮೇಲೆ ಕೂಡಿಸಿದರು. ಟೋಪಿಯ ಅಳತೆಗೆ ಚೌಕದ ಹಳಿ ತಯಾರಾಯಿತು. ಓಣಿಯ ನಾಲ್ಕು ಜನ ಸೇರಿದರು, ಎಷ್ಟೋ ವರ್ಷದ ಮೇಲೆ ಚಾಚಾ ಹಳಿ ಕೂಡಿಸುವುದನ್ನು ನೋಡಲು. ನಾನು ಚಹಾದ ಕೆಟಲ್ ಹಿಡಿದು ನಿಂತಿದ್ದೆ.

ಕೆಂಪಗೆ ಕಾದ ಹಳಿ ಬಂತು. ಚಾಚಾ "ಬಿಸ್ಮಿಲ್ಲಾ" ಎಂದು ಕೂಡಿಸಿದರು. ನಮ್ಮ ಮನೆಯವರು ತಂಬಿಗೆಯ ನೀರು ಎತ್ತುವಷ್ಟರಲ್ಲಿ ಹಳಿ ಪ್ಲಾಸ್ಟಿಕ್ಕಿನೊಳಗೆ ಇಳಿಯತೊಡಗಿತು, ಬೆಣ್ಣೆಗೆ ಕಾದ ಚಮಚ ಇಳಿದ ಹಾಗೆ. ಘಾಟು ವಾಸನೆ ಎದ್ದಿತು. "ನೀರ ಹಾಕೋ! ನೀರ ಹಾಕೋ!" ನೀರು ಬಿತ್ತು. ಹೊಗೆ ಆರಿದ ಮೇಲೆ ನೋಡಿದರೆ ಟೋಪಿಯ ನಡು ಸೊಟ್ಟಗಾಗಿ, ತುಟಿ ಮುರುಟಿದ ಹಾಗೆ ಆಗಿತ್ತು.

"ಚಾಚಾ, ಇದು ಪ್ಲಾಸ್ಟಿಕ್ಕು ಅಂತ ನಿಮಗ ಗೊತ್ತಿದ್ದಿಲ್ಲೇನು?"

"ನಿನಗ ಗೊತ್ತಿತ್ತಲ್ಲೋ ತಮ್ಮಾ?"

"ನೀವು ಮಾಡೂ ಹುರುಪಿನ್ಯಾಗ ನನಗ ಮರತ ಹೋತು!"

"ನನಗೂ ಹಂಗ ಆತು ನೋಡು" ಎಂದು ಚಾಚಾ ಇಕ್ಕಳ ಕೆಳಗಿಟ್ಟು ನಗಲು ಶುರುಮಾಡಿದರು. ಇವರು ಮಾತ್ರ ನಗಲಿಲ್ಲ. ಕೂತುಕೊಂಡು ಸೊಟ್ಟ ಟೋಪಿಯ ಮೇಲೆ ಬೆರಳಾಡಿಸಿದರು, ಬಿದ್ದು ಪೆಟ್ಟು ಮಾಡಿಕೊಂಡ ಮಗುವಿನ ಹಣೆ ನೋಡುವ ಹಾಗೆ. ಮೊದಲು ಸೋರುತ್ತಿದ್ದದ್ದು ಸ್ವಲ್ಪ. ಈಗ ಸಂದಿಯಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ಗಾಡಿ ಕೈತಪ್ಪಿತೆಂದೇ ಅವರಿಗೆ ಅನ್ನಿಸಿರಬೇಕು. ಮನೆಗೆ ಬಂದಾಗ ಅತ್ತೆ ಮೂಗು ಅರಳಿಸಿ, "ಏನ ಸುಟ್ಟ ವಾಸನಿ?" ಎಂದರು. ನಾನು, "ಹಾಲು ಉಕ್ಕಿತ್ರಿ ಅತ್ತಿ" ಎಂದು ಒಳಗೆ ಹೋದೆ.

ಆಮೇಲೆ ಒಂದು ಮಧ್ಯಾಹ್ನ ನಾನು ಚಾಚಾನ ಅಂಗಡಿಗೇ ಬುತ್ತಿ ಒಯ್ದಿದ್ದೆ. ಟಿಫಿನ್ ಕ್ಯಾರಿಯರಿನಲ್ಲಿ ಕೆಳಗೆ ಬ್ಯಾಳಿ, ನಡುವೆ ಬದನೆಕಾಯಿ ಎಣ್ಣೆಗಾಯಿ, ಮೇಲೆ ಮೊಸರು. ಇಬ್ಬರೂ ನೆಲದ ಮೇಲೆ ಕುಳಿತಿದ್ದರು. ಕ್ಯಾರಿಯರಿನ ಎರಡು ಬದಿಯ ಉದ್ದ ಪಟ್ಟಿ, ಮೇಲಿನ ಹಿಡಿಕೆ, ಅದನ್ನು ಒತ್ತಿ ಕೂಡಿಸುವ ಕೊಂಡಿ. ಕೊಂಡಿ ಎತ್ತಿದೊಡನೆ ಡಬ್ಬಿಗಳು ಸಡಿಲಾದವು, ಮತ್ತೆ ಒತ್ತಿದೊಡನೆ ಬಿಗಿಯಾದವು. ಒಬ್ಬರು ಎತ್ತಿದರು, ಇನ್ನೊಬ್ಬರು ಒತ್ತಿದರು. ನಾನು "ಉಣ್ರಿ, ಆರತೈತಿ" ಅನ್ನುತ್ತಲೇ ಇದ್ದೆ.

"ಟೋಪಿ ಸುತ್ತ ಬಿಗದ್ರ ಏನ ಉಪಯೋಗಿಲ್ಲ. ಈ ತುದಿಯಿಂದ ಆ ತುದಿಗೆ ಜಗ್ಗಿ ಹಿಡೀಬೇಕು."

"ಅದನ್ನ ನಾ ಈಗ ಅನ್ನಾವಿದ್ದೆ" ಎಂದರು ಚಾಚಾ.

"ಅನ್ನಾವಿದ್ರಿ, ಅಂದಿಲ್ಲಲ್ಲ. ಅಂದಾವ ನಾನು."

ಆ ಯೋಚನೆ ಮೊದಲು ಯಾರಿಗೆ ಬಂತೆಂಬ ವಾದ ಅವರಲ್ಲಿ ಇನ್ನೂ ಮುಗಿದಿಲ್ಲ. ಎರಡು ತುದಿಗೂ ಕಬ್ಬಿಣದ ಪಟ್ಟಿ ಹಾಕಿ, ನಡುವೆ ಉದ್ದನೆಯ ಸರಳು ಹಾಯಿಸಿ, ನಟ್ಟು ತಿರುವಿ ಎರಡೂ ಟೋಪಿಗಳನ್ನು ಒಳಕ್ಕೆ ಒತ್ತುವುದೆಂದು ಗೊತ್ತಾಯಿತು. ಗ್ರಿಲ್ಲಿನ ಪಟ್ಟಿ ಬಾಗುತ್ತದೆ, ಅದು ಬೇಡ ಎಂದರು ಚಾಚಾ. ನಮ್ಮ ಮನೆಯವರು ಸೀದಾ ಮನೆಗೆ ಬಂದು, ದನದ ಕೊಟ್ಟಿಗೆಯಲ್ಲಿ ಅಟ್ಟಕ್ಕೆ ಸಿಕ್ಕಿಸಿದ್ದ ಕುಂಟೆಯ ಕುಡಗಳನ್ನು ಟವೆಲ್ಲಿನಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಹೊಲ ಹರಗುವ ಕುಂಟೆಗೆ ಹಾಕುವ ಅಲಗು ಅದು, ನೆಲ ಸವೆಸಿ ಸವೆಸಿ ಕನ್ನಡಿಯಂತೆ ಹೊಳೆಯುತ್ತಿತ್ತು. ಚಾಚಾ ಕಾಯಿಸಿ ಬಡಿದು ನೆಟ್ಟಗೆ ಮಾಡಿ, ಮೂಲೆಗಳಿಗೆ ತೂತು ಕೊರೆದರು. ಈ ಸಲ ಬೆಂಕಿಯ ಹತ್ತಿರ ಇಂಟರ್‌ಕೂಲರನ್ನು ಬರಗೊಡಲಿಲ್ಲ, ಇವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ದೂರ ಕುಳಿತಿದ್ದರು.

ನನಗೂ ಒಂದು ಕೆಲಸ ಸಿಕ್ಕಿತು. ಸೊಟ್ಟಗಾದ ಅಂಚಿನ ಸಂದಿ ಮುಚ್ಚಲು ರಬ್ಬರ್ ಬೇಕಿತ್ತು. ಟ್ರ್ಯಾಕ್ಟರಿನ ಹಳೆಯ ಟ್ಯೂಬನ್ನು ಅವರಿಬ್ಬರೂ ಕತ್ತರಿಸಿ ಕತ್ತರಿಸಿ ಹಾಳು ಮಾಡುತ್ತಿದ್ದರು, ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಕುಪ್ಪಸದ ಕತ್ತಿನ ಆಕಾರವನ್ನು ಮೊದಲು ಕಾಗದದ ಮೇಲೆ ತೆಗೆಸುತ್ತಿದ್ದರು. ನಾನು ಟೋಪಿಯ ಮೇಲೆ ಹಳೆಯ ಪೇಪರ್ ಹಾಸಿ, ಬೆರಳಿನಿಂದ ಅಂಚು ಒತ್ತಿ ಗುರುತು ಮಾಡಿ ಕತ್ತರಿಸಿದೆ. ಮುರುಟಿದ ಕಡೆ ಒಂದಿಷ್ಟು ಹೆಚ್ಚು ಬಿಟ್ಟೆ. ಆ ಕಾಗದವನ್ನು ರಬ್ಬರಿನ ಮೇಲಿಟ್ಟು ನನ್ನ ಹೊಲಿಗೆಯ ಕತ್ತರಿ ಆಡಿಸಿದೆ. ಕೂತಿತು. ಚಾಚಾ ಅದನ್ನು ಎತ್ತಿ ಬೆಳಕಿಗೆ ಹಿಡಿದು, "ತಂಗೀ, ಇಂಜಿನ್ನಿಗೂ ಜಂಪರ್ ಹೊಲಿತಿಯಲ್ಲವಾ!" ಎಂದರು. ಕತ್ತರಿ ಮಾತ್ರ ಮೊಂಡಾಯಿತು.

ನಟ್ಟು ಬಿಗಿಯುವಾಗ ಇವರು ಉಸಿರು ಹಿಡಿದಿದ್ದರು. ಅತಿಯಾದರೆ ಪ್ಲಾಸ್ಟಿಕ್ ಒಡೆಯುತ್ತದೆ, ಕಡಿಮೆಯಾದರೆ ಸೋರುತ್ತದೆ. ಗಾಡಿಗೆ ಕೂಡಿಸಿದಾಗ ಅದು ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗಿಯಂತೆ ಕಂಡಿತು ನನಗೆ. ಗಜೇಂದ್ರಗಡದ ಏರಿಗೆ ಮತ್ತೆ ಹೋಗಿ ಪರೀಕ್ಷೆ ಮಾಡಲು ವೇಳೆ ಇರಲಿಲ್ಲ. ಮರುದಿನವೇ ತೊಟ್ಟಿಲು ಹೊರಡುವುದಿತ್ತು.

ಬೆಳಿಗ್ಗೆ ಗಾಡಿಯ ನೆತ್ತಿಗೆ ತೊಟ್ಟಿಲು ಏರಿತು, ಕೆಂಪು ಹಳದಿ ಬಣ್ಣದ್ದು. ನಾದಿನಿ ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ, ಕೂಸನ್ನು ಎತ್ತಿಕೊಂಡು ನನ್ನ ಪಕ್ಕ ಕುಳಿತಳು. ಕಾಲ ಹತ್ತಿರ ಅಂಟಿನುಂಡಿಯ ಡಬ್ಬಿ. ಅತ್ತೆ ಮುಂದಿನ ಸೀಟಿನಲ್ಲಿ ಕುಳಿತು, ಅದೇ ಇಳಕಲ್ ಸೀರೆಯ ನಿರಿಗೆಗಳನ್ನು ಮೊಣಕಾಲಿನ ಕೆಳಗೆ ಭದ್ರವಾಗಿ ಸಿಕ್ಕಿಸಿಕೊಂಡರು. ಮತ್ತೆ ಟ್ರೇಲರ್ ಹತ್ತುವ ತಯಾರಿಯೇ ಇದು ಎಂದು ನನಗೆ ಅನುಮಾನ. ಚಾಚಾ ಕಿಟಕಿಯ ಹತ್ತಿರ ಬಂದು ಇವರ ಕಿವಿಯಲ್ಲಿ, "ಸಪ್ಪಳಾ ಬಂದ್ರ ಕಾಲ ತೆಗಿ, ನಿಂದ್ರಬ್ಯಾಡ" ಎಂದರು. ಅದು ನಮ್ಮೆಲ್ಲರಿಗೂ ಕೇಳಿಸಿತು.

ಹಾದಿಯುದ್ದಕ್ಕೂ ಎಲ್ಲರೂ ಬಾನೆಟ್ಟಿನ ಸಪ್ಪಳಕ್ಕೇ ಕಿವಿಗೊಟ್ಟಿದ್ದೆವು. ಬೆಳವಣಕಿಯ ಹತ್ತಿರ ದೂರದ ಸಂಬಂಧಿಯೊಬ್ಬರು ಗುರುತು ಹಿಡಿದು ಕೈ ಎತ್ತಿ ರಸ್ತೆಗೇ ಬಂದರು. ಇವರು ಹಾರ್ನ್ ಹೊಡೆದು, ನಿಲ್ಲಿಸದೆ ಅವರ ಪಕ್ಕದಿಂದ ಹಾಯಿಸಿದರು. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, "ತೊಟ್ಟಿಲಾ ಐತೋ ಯಪ್ಪಾ! ನಿಂದ್ರಂಗಿಲ್ಲ! ಸಿಟ್ಟಾಗಬ್ಯಾಡ!" ಎಂದು ಕೂಗಿದರು. ಬೆಣ್ಣೆಹಳ್ಳದ ಸೇತುವೆ ದಾಟಿ ದಿಬ್ಬ ಬಂತು. ಇವರು ಒತ್ತಿದರು. ನಾನು ಸೀಟಿನ ತುದಿಗೆ ಬಂದೆ. ಸುಂಯ್ ಇಲ್ಲ. ಹಿಂದೆ ತಿರುಗಿ ನೋಡಿದೆ, ಹೊಗೆಯೂ ಇಲ್ಲ. ಗಾಡಿ ದಿಬ್ಬವನ್ನು ಒಂದೇ ಉಸಿರಿಗೆ ಹತ್ತಿತು. ಕನ್ನಡಿಯಲ್ಲಿ ಇವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು, ತೇವವಾಗಿತ್ತು.

ಆಗ ಕೂಸು ಅಳಲು ಶುರುಮಾಡಿತು. ನಾದಿನಿ ಎದೆಗೆ ಹಿಡಿದಳು, ಆದರೆ ತಗ್ಗು ದಿನ್ನೆಯ ರಸ್ತೆ, ಪ್ರತಿ ಕುಲುಕಿಗೂ ಬಾಯಿ ತಪ್ಪಿ, ಹಾಲು ಮೂಗಿಗೆ ಹೋಗಿ ಕೂಸು ಕೆಮ್ಮಿತು. ಇನ್ನಷ್ಟು ಅತ್ತಿತು. ಅತ್ತೆ ಎರಡು ಸಲ ಹಿಂದೆ ತಿರುಗಿ ನೋಡಿದರು. ಮೂರನೆಯ ಸಲ ಮಗನ ಕಡೆ ತಿರುಗಿದರು.

"ನಿಲ್ಲಸು."

"ಏನು?"

"ಗಾಡಿ ನಿಲ್ಲಸು ಅಂದೆ."

"ಯವ್ವಾ, ನಿಂದ್ರಬಾರದು ಅಂತ ನೀನ ಹೇಳೀದಿ. ನರಗುಂದ ಗುಡ್ಡ ಕಾಣಾಕತ್ತೈತಿ, ಇನ್ನ ಸ್ವಲ್ಪ..."

"ಗುಡ್ಡ ಕೂಸಿಗೆ ಹಾಲ ಕುಡಸತೈತೇನು? ನಿಲ್ಲಸೋ!"

"ನಾಳಿ ಗಾಡಿ ನಿಂತಿತ್ತು ಅಂತ ಗಜೇಂದ್ರಗಡಕ್ಕ ಕಳಸತಿ ನೀ."

"ಏ ಹುಚ್ಚಪ್ಯಾಲಿ! ಕೆಟ್ಟು ನಿಂತ್ರ ಅದರ ಮಾತು ಬ್ಯಾರೆ. ನನ್ನ ಮೊಮ್ಮಗ ಹಸದಾನ, ನಾ ನಿಲ್ಲಸ ಅನ್ನಾಕತ್ತೀನಿ. ಅಷ್ಟೂ ತಿಳಿವಲ್ದೇನು?"

ಬೇವಿನ ಗಿಡದ ನೆರಳಿಗೆ ಗಾಡಿ ನಿಂತಿತು. ಎರಡೂ ಕಡೆ ಕಡಲೆಯ ಹೊಲ, ಎಳೆ ಕಾಯಿ ಬಿಟ್ಟಿತ್ತು. ಇವರು ಇಂಜಿನ್ ಬಂದ್ ಮಾಡಲಿಲ್ಲ, ಸ್ಟೀರಿಂಗ್ ಹಿಡಿದೇ ಕುಳಿತರು.

"ಬಂದ್ ಮಾಡೋ, ಸಪ್ಪಳಕ್ಕ ಕೂಸು ಹೆದರತೈತಿ."

"ಮತ್ತ ಚಾಲೂ ಆಗಲಿಲ್ಲಂದ್ರ?"

ಅತ್ತೆ ಮಗನ ಮುಖವನ್ನು ಒಂದು ಗಳಿಗೆ ನೋಡಿದರು. "ಆಗತೈತಿ. ಊಟಾ ನಿದ್ದಿ ಬಿಟ್ಟು ಮಾಡೀದಿ, ನನಗ ಕಾಣಂಗಿಲ್ಲೇನು?"

ಇವರು ಕೀಲಿ ತಿರುಗಿಸಿದರು. ಎಷ್ಟು ನಿಶ್ಶಬ್ದವಾಯಿತೆಂದರೆ, ಕೂಸು ಗುಟುಕು ಗುಟುಕಾಗಿ ನುಂಗುವುದು ಕೇಳಿಸುತ್ತಿತ್ತು. ಬಾನೆಟ್ಟಿನೊಳಗೆ ಕಬ್ಬಿಣ ಆರುತ್ತ ಟಿಕ್ ಟಿಕ್ ಅನ್ನುತ್ತಿತ್ತು. ಅತ್ತೆ ಕೆಳಗಿಳಿದು, "ತೆಗಿ ನೋಡೂಣು, ಏನ ಮಾಡೀರಿ" ಎಂದರು. ಬಾನೆಟ್ ಎತ್ತಿದ ಕೂಡಲೇ ಬಗ್ಗಿ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಕಳ್ಳಾ! ಇದು ನಮ್ಮ ಕುಂಟಿ ಕುಡ! ನಾ ಎಂಟ ದಿನದಿಂದ ಕೊಟ್ಟಿಗ್ಯಾಗ ಹುಡಕಾಕತ್ತೀನಿ, ಆಳಮನಶ್ಯಾನ್ನ ಬೈದ ಬಿಟ್ಟೀನಿ!"

"ಹೊಸವ ಕೊಡಸ್ತೀನಿ ಬಿಡ ಯವ್ವಾ."

"ಬ್ಯಾಡ. ಇದ ಚಲೋ ಕೂತೈತಿ, ಇರ್ಲಿ. ಕಪ್ಪಂದು ಏನಿದು ರಬ್ಬರ?"

"ಅದು ನಿನ್ನ ಸೊಸಿ ಕತ್ತರಿಸಿದ್ದು."

ಅತ್ತೆ ನನ್ನ ಕಡೆ ನೋಡಿ, "ಹಾಲು ಉಕ್ಕಿದ ವಾಸನಿ ಇದ ಏನವಾ ಹಂಗಾರ?" ಎಂದರು. ನಾದಿನಿ ನಕ್ಕ ರಭಸಕ್ಕೆ ಕೂಸು ಮತ್ತೆ ಅತ್ತಿತು.

ಗಾಡಿ ಮೊದಲ ತಿರುವಿಗೇ ಚಾಲೂ ಆಯಿತು. ನರಗುಂದದಲ್ಲಿ ತೊಟ್ಟಿಲು ಇಳಿಸಿ, ಆರತಿ ಆಗಿ, ಒಳಗೆ ಕೂತ ಮೇಲೆ ಬೀಗತಿ ನಗುನಗುತ್ತಲೇ ಚುಚ್ಚಿದರು: "ದಾರ್ಯಾಗ ಎಲ್ಲೂ ಕೆಡಲಿಲ್ಲೇನ್ರಿ ಗಾಡಿ? ನಾವು ಟ್ರ್ಯಾಕ್ಟರ್ ತಯಾರ ಇಟ್ಟಿದ್ವಿ."

"ಯಾಕ ಕೆಡತೈತ್ರಿ?" ಅತ್ತೆಯ ನತ್ತು ಅಲುಗಾಡಿತು. "ನಮ್ಮ ಗಾಡಿ ಒಳಗ ಕುಂಟಿ ಕುಡ ಐತ್ರಿ." ಬೀಗತಿಗೆ ಏನೂ ತಿಳಿಯಲಿಲ್ಲ. ಚಹಾ ಬರುವುದರೊಳಗೆ ಅತ್ತೆ ಬೀಗರ ಮನೆಯ ಫೋನಿನಿಂದಲೇ ಗಜೇಂದ್ರಗಡಕ್ಕೆ ಮಾತಾಡಿದರು. ನನಗೆ ಕೇಳಿಸಿದ್ದು ಇಷ್ಟೇ: "ಇಲ್ರಿ, ಕೊಡಂಗಿಲ್ಲ. ನಮಗ ಬೇಕೈತಿ. ಸೀರಿ ಚಲೋ ಅದಾವ್ರಿ ನಿಮ್ಮವು, ಬರ್ತೀವಿ. ನಮ್ಮ ಗಾಡ್ಯಾಗ ಬರ್ತೀವಿ." ಇವರು ಬಾಗಿಲ ಹೊರಗೆ ಚಪ್ಪಲಿ ಹುಡುಕುವ ನೆವ ಮಾಡಿಕೊಂಡು ನಿಂತಿದ್ದರು. ಫೋನ್ ಇಟ್ಟ ಸಪ್ಪಳವಾದ ಮೇಲೆ ಒಳಗೆ ಬಂದು ಒಂದರ ಹಿಂದೆ ಒಂದು ಮೂರು ಹೋಳಿಗೆ ತಿಂದರು.

ಬರುವಾಗ ನೆತ್ತಿಯ ಮೇಲೆ ತೊಟ್ಟಿಲು ಇರಲಿಲ್ಲ, ಹಿಂದಿನ ಸೀಟಿನಲ್ಲಿ ನಾನೊಬ್ಬಳೇ. ರಸ್ತೆಯಲ್ಲಿ ಕಡಲೆಗಿಡದ ಸಿವುಡು ಹೊತ್ತ ಮುದುಕಿಯೊಬ್ಬಳು ಕೈ ಮಾಡಿದಳು. "ನಿಲ್ಲಸು" ಎಂದರು ಅತ್ತೆ. ಆಮೇಲೆ ಕಾಲೇಜಿನ ಇಬ್ಬರು ಹುಡುಗಿಯರು, "ನಿಲ್ಲಸು." ಆಡಿನ ಮರಿ ಎತ್ತಿಕೊಂಡ ಗೌಡರೊಬ್ಬರು, "ನಿಲ್ಲಸೋ, ಮರಿ ಸಣ್ಣದೈತಿ." ಹತ್ತಿದವರಿಗೆಲ್ಲ ಅತ್ತೆ ಮುಂದಿನ ಸೀಟಿನಿಂದ ಅರ್ಧ ತಿರುಗಿ, ಊದುಗೊಳವಿಯಿಂದ ಹಿಡಿದು ಇಂಟರ್‌ಕೂಲರಿನವರೆಗೆ ವಿವರಿಸಿದರು, ಅತ್ತೆಗೆ ಇದೆಲ್ಲ ಯಾವಾಗ ಗೊತ್ತಾಯಿತೋ ನನಗೆ ತಿಳಿಯದು. ನನ್ನ ತೊಡೆಯ ಮೇಲೆ ಸಿವುಡು, ಸಿವುಡನ್ನು ಮೇಯುವ ಮರಿ. ರೋಣದ ದೀಪಗಳು ಕಾಣುವ ಹೊತ್ತಿಗೆ ಗಾಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ, ಆದರೂ ಅತ್ತೆ ಕಿಟಕಿಯಿಂದ ರಸ್ತೆಯ ಬದಿಯನ್ನೇ ನೋಡುತ್ತಿದ್ದರು, ಇನ್ನೂ ಯಾರಾದರೂ ಕೈ ಎತ್ತುತ್ತಾರೇನೋ ಎಂದು.